ಕೋರ್ಟಿನ ಖರ್ಚು ಯಾರ ಲೆಕ್ಕಕ್ಕೆ?

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಓಡಾಡುವವರಿಗೆ ಇದು ಹೊಸದಲ್ಲ. ಸುತ್ತ ಎಲ್ಲಾ ಅಪಾರ್ಟ್‌ಮೆಂಟು, ನಡುವೆ ಒಂದು ಹಳೇ ಹೆಂಚಿನ ಮನೆ, ಗೇಟಿಗೆ ತುಕ್ಕು ಹಿಡಿದ ಬೀಗ. ಯಾಕೆ ಹೀಗೆ ಅಂತ ಪಕ್ಕದವರನ್ನು ಕೇಳಿದರೆ ಉತ್ತರ ಒಂದೇ: 'ಕೇಸ್ ನಡೀತಿದೆ.' ನಾವು ವಕೀಲರನ್ನೋ, ಅಣ್ಣತಮ್ಮಂದಿರ ಹಠವನ್ನೋ ಬೈದು ಮುಂದೆ ಹೋಗುತ್ತೇವೆ. ನನಗೆ ಕಾಡುವ ಪ್ರಶ್ನೆ ಬೇರೆ. ಆ ಕೇಸು ಕೇಳುವ ಕೋರ್ಟಿಗೆ ದುಡ್ಡು ಕೊಡುವವರು ಯಾರು?

ಉತ್ತರ ಶುರುವಾಗೋದು ಕಬ್ಬನ್ ಪಾರ್ಕಿನ ಅಂಚಿನಲ್ಲಿ. ಇವತ್ತು ನಾವು ಹೈಕೋರ್ಟ್ ಅನ್ನುವ ಆ ಕೆಂಪು ಕಟ್ಟಡ ಹಳಬರ ಬಾಯಲ್ಲಿ ಅಠಾರಾ ಕಚೇರಿ. ಅಠಾರಾ ಅಂದರೆ ಹದಿನೆಂಟು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದಾಗ ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ್ದು ಅದು, 1868ರಲ್ಲಿ ಮುಗಿಯಿತು. ಅಂದರೆ ಬರೀ ಕೋರ್ಟಿಗೆ ಅಂತ ಕಟ್ಟಿದ್ದಲ್ಲ. 1884ರಲ್ಲಿ ಮೂವರು ಜಡ್ಜರ ಚೀಫ್ ಕೋರ್ಟ್ ಆಯ್ತು, 1930ರಲ್ಲಿ ಅದಕ್ಕೇ ಮೈಸೂರು ಹೈಕೋರ್ಟ್ ಅಂತ ಹೆಸರು ಬಂತು. ಆದರೂ ನ್ಯಾಯ ಅನ್ನೋದು ಆ ದೊಡ್ಡ ವಠಾರದ ಬಾಡಿಗೆದಾರರಲ್ಲಿ ಒಬ್ಬ, ಅಷ್ಟೇ.

1956ರಲ್ಲಿ ಎದುರುಗಡೆ ವಿಧಾನಸೌಧ ಎದ್ದು ನಿಂತಿತು. ಖರ್ಚು 1.75 ಕೋಟಿ ರೂಪಾಯಿಯ ಆಸುಪಾಸು. ಸೆಕ್ರೆಟೇರಿಯಟ್ ರಸ್ತೆ ದಾಟಿ ಹೊಸ ಮನೆಗೆ ಹೋಯಿತು, ಬಿಟ್ಟುಹೋದ ಮನೆ ಕೋರ್ಟಿಗೆ ಸಿಕ್ಕಿತು. ಆ ಜಾಗವೂ ಸಾಲದಾಯಿತು. 1980ರ ದಶಕದ ಆರಂಭದಲ್ಲಿ ಅಠಾರಾ ಕಚೇರಿಯನ್ನೇ ಕೆಡವಿಬಿಡುವ ಯೋಚನೆ ಬಂತು. ಅದನ್ನು ಉಳಿಸಿ ಅಂತ ಕೆಲವರು ಹೈಕೋರ್ಟಿಗೇ ಹೋದರು. ಕೊನೆಗೆ ಕಟ್ಟಡವೇನೋ ಉಳಿಯಿತು.

ಇದು ದೊಡ್ಡ ಕೋರ್ಟಿನ ಕಥೆ. ಹೈಕೋರ್ಟ್ ಜಡ್ಜರ ಸಂಬಳಕ್ಕೆ, ಕೋರ್ಟಿನ ಆಡಳಿತದ ಖರ್ಚಿಗೆ ಸಂವಿಧಾನದ್ದೇ ಒಂದು ರಕ್ಷಣೆ ಇದೆ. ದುಡ್ಡು ರಾಜ್ಯದ ಬೊಕ್ಕಸದ್ದೇ, ಆದರೆ ಶಾಸಕರು ಅದನ್ನು ಚರ್ಚಿಸಬಹುದು, ಮತಕ್ಕೆ ಹಾಕುವ ಹಾಗಿಲ್ಲ. ನಮ್ಮ ಬೀಗ ಹಾಕಿದ ಮನೆಯ ಕೇಸು ನಡೆಯೋದು ಅಲ್ಲಲ್ಲ, ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರದ ಸಿಟಿ ಸಿವಿಲ್ ಕೋರ್ಟಿನಲ್ಲಿ. ಅದಕ್ಕೆ ಆ ರಕ್ಷಣೆ ಇಲ್ಲ. ರಸ್ತೆ, ನೀರಾವರಿ, ಸಬ್ಸಿಡಿಗಳ ಜೊತೆ ಅದೂ ಬಜೆಟ್ಟಿನ ಕ್ಯೂನಲ್ಲಿ ನಿಲ್ಲಬೇಕು. ಕೋರ್ಟಿಗೆ ಬಜೆಟ್ ಕೊಡಿಸಿದೆ ಅಂತ ಹೇಳಿ ಓಟು ಕೇಳಿದ ಶಾಸಕರನ್ನು ನಾನಂತೂ ನೋಡಿಲ್ಲ.

ಇದರ ಮೇಲೆ ದೆಹಲಿಯ ಭಾರ ಬೇರೆ. ಅಮೆರಿಕದಲ್ಲಿ ಎಫ್‌ಬಿಐ ತನಿಖೆ ಮಾಡಿದ ಕೇಸು ಸಾಮಾನ್ಯವಾಗಿ ಫೆಡರಲ್ ಕೋರ್ಟಿಗೆ ಹೋಗುತ್ತದೆ. ಪೊಲೀಸರಿಗೂ ಕೋರ್ಟಿಗೂ ಹಣ ಮಂಜೂರು ಮಾಡೋದು ಅಲ್ಲಿನ ಕಾಂಗ್ರೆಸ್ಸೇ. ನಮ್ಮಲ್ಲಿ ಹಾಗಲ್ಲ. ಮೈಸೂರು ರಸ್ತೆಯ ಸಿಎಆರ್ ಮೈದಾನದಲ್ಲಿ ಕವಾಯತು ಮಾಡುವ ಪೊಲೀಸರಿಗೆ ಸಂಬಳ ರಾಜ್ಯದ್ದು, ಸಿಬಿಐನವರಿಗೆ ಕೇಂದ್ರದ್ದು. ಆದರೆ ಸಿಬಿಐ ಬೆಂಗಳೂರಿನಲ್ಲಿ ಚಾರ್ಜ್‌ಶೀಟ್ ಹಾಕಿದರೂ ವಿಶೇಷ ಕೋರ್ಟಿನಲ್ಲಿ ಕೂತು ಕೇಳುವವರು ರಾಜ್ಯದ ನ್ಯಾಯಾಂಗ ಸೇವೆಯ ಜಡ್ಜರು. ಚೆಕ್ ಬೌನ್ಸ್ ನೋಡಿ. ಅದನ್ನು ಅಪರಾಧ ಮಾಡಿ 1988ರಲ್ಲಿ ಕಾಯಿದೆ ತಿದ್ದಿದ್ದು ಸಂಸತ್ತು. ಆಮೇಲೆ ಬಂದ ಕೇಸುಗಳ ರಾಶಿ ಬಿದ್ದಿದ್ದು ನಮ್ಮೂರ ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ.

ಇದು ಸರಿಯಲ್ಲ ಅಂತ ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಸುಪ್ರೀಂ ಕೋರ್ಟಿನಿಂದ ನಿವೃತ್ತರಾದ ಮೇಲೆ, 1996ರಲ್ಲಿ, ಅವರು ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಅಧ್ಯಕ್ಷರಾದರು. 1999ರ ವರದಿಯಲ್ಲಿ ಕೆಳ ಕೋರ್ಟುಗಳ ಖರ್ಚಿನ ಅರ್ಧ ಭಾಗ ಕೇಂದ್ರವೇ ಹೊರಲಿ ಅಂದರು. 2002ರಲ್ಲಿ ಸುಪ್ರೀಂ ಕೋರ್ಟು ಸಂಬಳದ ಶಿಫಾರಸುಗಳನ್ನು ಬಹುಮಟ್ಟಿಗೆ ಒಪ್ಪಿತು, ಅರ್ಧ ಖರ್ಚಿನ ಮಾತನ್ನು ಮಾತ್ರ ಒಪ್ಪಲಿಲ್ಲ. ಅದೇ ತೀರ್ಪಿನಲ್ಲಿ, ಐದು ವರ್ಷದೊಳಗೆ 10 ಲಕ್ಷ ಜನಕ್ಕೆ 50 ಜಡ್ಜರಿರಬೇಕು ಅಂತಲೂ ಹೇಳಿತು. ಕಾನೂನು ಆಯೋಗ 1987ರಲ್ಲೇ ಹೇಳಿದ್ದ ಸಂಖ್ಯೆ ಅದು. ಇವತ್ತಿಗೂ ನಾವು 21ರ ಆಸುಪಾಸಿನಲ್ಲಿದ್ದೇವೆ.

ಹಾಗಂತ ದುಡ್ಡು ಸುರಿದರೆ ಎಲ್ಲಾ ಸರಿಹೋಗುತ್ತಾ? ಅದೂ ಇಲ್ಲ. 13ನೇ ಹಣಕಾಸು ಆಯೋಗ 2010ರಿಂದ 2015ರ ಅವಧಿಗೆ ದೇಶದ ನ್ಯಾಯಾಂಗಕ್ಕಂತಲೇ 5,000 ಕೋಟಿ ರೂಪಾಯಿ ಎತ್ತಿಟ್ಟಿತು. ಬಹುಪಾಲು ಖರ್ಚೇ ಆಗಲಿಲ್ಲ. ಯಾಕಂದರೆ ಯೋಜನೆ ಹಾಕಬೇಕಾದ ಜಡ್ಜರು ಕೇಸುಗಳಲ್ಲಿ ಮುಳುಗಿರುತ್ತಾರೆ, ಹಣ ಬಿಡಬೇಕಾದ ಇಲಾಖೆಗೆ ಅವಸರವಿಲ್ಲ. ಲೆಕ್ಕ ಕೇಳುವವರು ಇಬ್ಬರ ನಡುವೆ ಯಾರೂ ಇಲ್ಲ. ಕೇಸ್ ಹಾಕಿದವರು ಮಾತ್ರ ದಾವೆಯ ಮೊದಲ ದಿನವೇ ಕೋರ್ಟ್ ಫೀ ಕಟ್ಟಿ, ಆಮೇಲೆ ವರ್ಷಗಟ್ಟಲೆ ಕಾಯುತ್ತಾರೆ.

ಬಜೆಟ್ ದಿನ ನಾವೆಲ್ಲ ಮೊಬೈಲ್ ಹಿಡಿದು ಯಾವುದರ ರೇಟು ಏರಿತು, ಮೆಟ್ರೋಗೆ ಎಷ್ಟು ಸಿಕ್ಕಿತು ಅಂತ ನೋಡುತ್ತೇವೆ. ಮುಂದಿನ ಮಾರ್ಚಿನಲ್ಲಿ ನ್ಯಾಯಾಡಳಿತದ ಸಾಲನ್ನೂ ಒಮ್ಮೆ ಹುಡುಕಿ ನೋಡಿ. ಹೋದ ವರ್ಷ ಎಷ್ಟು ಕೊಟ್ಟರು, ಎಷ್ಟು ಖರ್ಚಾಯಿತು, ಎಷ್ಟು ಜಡ್ಜರ ಹುದ್ದೆ ಖಾಲಿ ಇದೆ. ಆಮೇಲೆ ನಿಮ್ಮ ಶಾಸಕರು ಸಿಕ್ಕಾಗ, ರಸ್ತೆಗುಂಡಿ ಬಗ್ಗೆ ಕೇಳಿ ಮುಗಿಸಿದ ಮೇಲೆ, ಇದನ್ನೂ ಕೇಳಿ. ಈ ಪ್ರಶ್ನೆ ಅವರಿಗೆ ಹೊಸದಾಗಿರುತ್ತದೆ.