ಮೇಯ್ನ್ ನೌಕೆಯೂ ಹಳದಿ ಪತ್ರಿಕೆಗಳೂ

೧೮೯೮ನೆಯ ಇಸವಿ ಫೆಬ್ರವರಿ ೧೫ನೆಯ ತಾರೀಖಿನ ರಾತ್ರಿ, ಗಂಟೆ ಒಂಬತ್ತೂವರೆ ಮೀರಿದ ಹೊತ್ತಿನಲ್ಲಿ, ಕ್ಯೂಬಾ ದ್ವೀಪದ ಹವಾನಾ ಬಂದರಿನಲ್ಲಿ ಲಂಗರು ಹಾಕಿ ನಿಂತಿದ್ದ ‘ಮೇಯ್ನ್’ ಎಂಬ ಅಮೆರಿಕೆಯ ಯುದ್ಧನೌಕೆಯು ಭಯಂಕರವಾಗಿ ಸಿಡಿದು ಮುಳುಗಿತು. ಹಡಗಿನಲ್ಲಿದ್ದ ಸುಮಾರು ೩೫೦ ಮಂದಿಯಲ್ಲಿ ೨೬೦ಕ್ಕೂ ಮಿಕ್ಕಿ ಜನ ಮಡಿದರು. ನೌಕಾಧಿಪತಿಯಾದ ಸಿಗ್ಸ್‌ಬೀ ಎಂಬಾತನು ಬದುಕಿ ಉಳಿದು, ಆ ರಾತ್ರಿಯೇ ವಾಷಿಂಗ್ಟನ್ನಿಗೆ ತಂತಿ ಕಳುಹಿಸಿದನು. ಹಡಗು ಹೋಯಿತು, ಗಾಯಗೊಂಡವರಿಗೆ ನೆರವು ಬೇಕು ಎಂಬ ವರ್ತಮಾನದೊಡನೆ ಆತನು ಇನ್ನೊಂದು ಮಾತನ್ನೂ ಸೇರಿಸಿದ್ದನು: ಮುಂದಿನ ವರದಿ ಬರುವತನಕ ಜನರು ಯಾವ ನಿರ್ಣಯಕ್ಕೂ ಬರದಿರಲಿ ಎಂದು. ತನ್ನ ಜನ ಕಣ್ಣೆದುರಿಗೇ ಸಾಯುತ್ತಿದ್ದ ಗಳಿಗೆಯಲ್ಲಿ ಇಷ್ಟು ವಿವೇಕದ ಮಾತನ್ನು ಬರೆಯಬಲ್ಲ ಮನುಷ್ಯರು ವಿರಳ. ಆ ಮಾತಿಗೆ ನ್ಯೂಯಾರ್ಕಿನ ವೃತ್ತಪತ್ರಿಕೆಗಳಲ್ಲಿ ಯಾವ ಗತಿ ಒದಗಿತೆಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ಮೊದಲು ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ಕ್ಯೂಬಾ ಆಗ ಸ್ಪೇನ್ ದೇಶದ ಆಳ್ವಿಕೆಗೆ ಒಳಪಟ್ಟಿತ್ತು. ೧೮೯೫ರಲ್ಲಿ ಅಲ್ಲಿನ ಜನರು ಸ್ವಾತಂತ್ರ್ಯಕ್ಕಾಗಿ ದಂಗೆ ಎದ್ದರು. ಅದನ್ನು ಅಡಗಿಸಲು ೧೮೯೬ರಲ್ಲಿ ಬಂದ ವೇಯ್ಲರ್ ಎಂಬ ಸೇನಾನಿಯು ಹಳ್ಳಿಗರನ್ನು ಅವರ ಹೊಲಮನೆಗಳಿಂದ ಎಬ್ಬಿಸಿ, ಸೈನ್ಯದ ಕಾವಲಿದ್ದ ಪಟ್ಟಣಗಳಿಗೆ ಅಟ್ಟಿದನು. ಅಲ್ಲಿ ಅನ್ನವಿಲ್ಲ, ಔಷಧವಿಲ್ಲ. ಹಸಿವಿನಿಂದಲೂ ಜ್ವರದಿಂದಲೂ ಲಕ್ಷಕ್ಕೂ ಮಿಕ್ಕಿ ಜನ ಸತ್ತರೆಂದು ಇತಿಹಾಸಕಾರರ ಅಂದಾಜು. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕ್ಯೂಬಾದ ಸಂಕಟವು ಪತ್ರಿಕೆಯವರ ಕಲ್ಪನೆಯಲ್ಲ, ಕಣ್ಣಾರೆ ಕಾಣಬಹುದಾಗಿದ್ದ ಸತ್ಯ. ಇದ್ದುದನ್ನು ಇದ್ದಂತೆ ಬರೆದಿದ್ದರೆ ಕಲ್ಲೂ ಕರಗುತ್ತಿತ್ತು.

ಆದರೆ ಆ ಕಾಲದ ನ್ಯೂಯಾರ್ಕಿನಲ್ಲಿ ಇದ್ದುದು ಇದ್ದಂತೆ ಮಾರಾಟವಾಗುತ್ತಿರಲಿಲ್ಲ, ಅಥವಾ ಮಾರಾಟವಾಗದೆಂದು ಪತ್ರಿಕೆಗಳ ಒಡೆಯರು ನಂಬಿದ್ದರು. ಜೋಸೆಫ್ ಪುಲಿಟ್ಜರ್ ಎಂಬುವನ ‘ವರ್ಲ್ಡ್’ ಪತ್ರಿಕೆ ಅಲ್ಲಿ ಬೇರೂರಿತ್ತು. ೧೮೯೫ರಲ್ಲಿ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಎಂಬ ಗಣಿ ಧನಿಕನ ಮಗನು ‘ಜರ್ನಲ್’ ಎಂಬುದನ್ನು ಕೊಂಡು ಪೈಪೋಟಿಗೆ ಇಳಿದನು. ಪತ್ರಿಕೆಯ ಬೆಲೆ ಒಂದು ಸೆಂಟ್. ‘ವರ್ಲ್ಡ್’ ಪತ್ರಿಕೆಯಲ್ಲಿ ಹಳದಿ ನಿಲುವಂಗಿ ತೊಟ್ಟ ಒಬ್ಬ ಪೋರನ ವಿನೋದಚಿತ್ರವು ಬಹು ಜನಪ್ರಿಯವಾಗಿತ್ತು. ಹರ್ಸ್ಟನು ಅದರ ಚಿತ್ರಕಾರನನ್ನೇ ಹೆಚ್ಚು ಸಂಬಳಕ್ಕೆ ಎಳೆದುಕೊಂಡನು. ಪುಲಿಟ್ಜರನು ಬಿಟ್ಟಾನೆಯೆ? ಬೇರೊಬ್ಬ ಚಿತ್ರಕಾರನಿಂದ ಅದೇ ಪೋರನನ್ನು ಬರೆಸತೊಡಗಿದನು. ಹೀಗೆ ಊರಿಗೆ ಇಬ್ಬರು ಹಳದಿ ಪೋರರಾದರು; ಆ ಎರಡು ಪತ್ರಿಕೆಗಳಿಗೆ ಹಳದಿ ಪತ್ರಿಕೆಗಳೆಂಬ ಹೆಸರಾಯಿತು. ನಮ್ಮವರು ಇಂದಿಗೂ ಬಳಸುವ ಪೀತ ಪತ್ರಿಕೆ ಎಂಬ ಶಬ್ದದ ಮೂಲವಿದು.

ಅವರ ಕೆಲಸದ ರೀತಿಯನ್ನು ತಿಳಿಯಲು ಒಂದು ನಿದರ್ಶನ ಸಾಕು. ೧೮೯೭ರ ಫೆಬ್ರವರಿಯಲ್ಲಿ ರಿಚರ್ಡ್ ಹಾರ್ಡಿಂಗ್ ಡೇವಿಸ್ ಎಂಬ ಹೆಸರಾಂತ ಬಾತ್ಮೀದಾರನು, ಹವಾನಾದಿಂದ ಹೊರಡುವ ‘ಒಲಿವೆಟ್’ ಎಂಬ ಅಮೆರಿಕನ್ ಹಡಗಿನಲ್ಲಿ ಕ್ಯೂಬಾದ ಮೂವರು ತರುಣಿಯರನ್ನು ಸ್ಪೇನಿನವರು ಬಟ್ಟೆ ಬಿಚ್ಚಿಸಿ ಶೋಧಿಸಿದರೆಂದು ‘ಜರ್ನಲ್’ ಪತ್ರಿಕೆಗೆ ಬರೆದನು. ಶೋಧಿಸಿದವರು ಗಂಡಸರೆಂದು ಆತನು ಬರೆದಿರಲಿಲ್ಲ. ಹೆಂಗಸರೆಂದು ಸ್ಪಷ್ಟಪಡಿಸಿಯೂ ಇರಲಿಲ್ಲ. ಪ್ರಸಿದ್ಧ ಚಿತ್ರಕಾರ ರೆಮಿಂಗ್ಟನ್ ಅದಕ್ಕೊಂದು ಚಿತ್ರ ಬರೆದನು. ಆತನು ಆಗಲೇ ಸ್ವದೇಶಕ್ಕೆ ಮರಳಿದ್ದನು. ಆ ಘಟನೆಯನ್ನು ಕಂಡವನಲ್ಲ. ಚಿತ್ರದಲ್ಲಿ ವಿವಸ್ತ್ರಳಾದ ಒಬ್ಬ ತರುಣಿ ನಿಂತಿದ್ದಾಳೆ. ಸುತ್ತ ಟೋಪಿ ಧರಿಸಿದ ಸ್ಪೇನಿನ ಅಧಿಕಾರಿಗಳು ಅವಳ ಉಡುಪುಗಳನ್ನು ತಡವಿ ನೋಡುತ್ತಿದ್ದಾರೆ. ದೇಶವೆಲ್ಲ ಕೆರಳಿತು. ಆದರೆ ಆ ತರುಣಿಯರು ಅಮೆರಿಕೆಗೆ ಬಂದಿಳಿದಾಗ ‘ವರ್ಲ್ಡ್’ ಪತ್ರಿಕೆಯವರು ಹೋಗಿ ಕೇಳಲಾಗಿ, ತಮ್ಮನ್ನು ಶೋಧಿಸಿದವರು ಹೆಂಗಸರು, ಅದೂ ಮುಚ್ಚಿದ ಕೋಣೆಯಲ್ಲಿ, ಎಂದು ಅವರು ತಿಳಿಸಿದರು. ತಮ್ಮ ಮಾನವನ್ನು ಹೀಗೆ ಬೀದಿಗೆ ತಂದದ್ದಕ್ಕೆ ಅವರಿಗೆ ಎಷ್ಟು ನೋವಾಗಿರಬೇಕು! ಡೇವಿಸನು ಸಿಟ್ಟಾಗಿ, ಮತ್ತೆಂದೂ ಹರ್ಸ್ಟನ ಕೈಕೆಳಗೆ ದುಡಿಯಲಿಲ್ಲ.

ಇದರಿಂದಾದ ನಷ್ಟ ಯಾರಿಗೆಂಬುದನ್ನು ಯೋಚಿಸಬೇಕು. ಸ್ಪೇನಿನ ಅಧಿಕಾರಿಗಳು ಇಂಥ ಒಂದು ಸುಳ್ಳನ್ನು ಎತ್ತಿ ತೋರಿಸಿ, ಕ್ಯೂಬಾದಿಂದ ಬರುವುದೆಲ್ಲ ಹೀಗೆಯೇ ಎಂದು ಕೈತೊಳೆದುಕೊಳ್ಳಬಹುದಾಗಿತ್ತು. ಪಟ್ಟಣದ ಬೀದಿಗಳಲ್ಲಿ ಹಸಿದು ಸಾಯುತ್ತಿದ್ದ ಹಳ್ಳಿಗರ ಸತ್ಯಕಥೆಗೂ ಆ ಚಿತ್ರದ ಕಳಂಕ ತಗುಲಿತು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯನ್ನು ನಾವು ಕೆಳ ತರಗತಿಗಳಲ್ಲಿ ಹೇಳುತ್ತೇವೆ. ಅಲ್ಲಿ ಶಿಕ್ಷೆ ಸುಳ್ಳಾಡಿದವನಿಗೇ ಆಯಿತು. ಇಲ್ಲಿ ಕುರಿಗಳಿಗೆ ಮಾತ್ರ ಆಯಿತು.

ಇಂಥ ಪತ್ರಿಕೆಗಳ ಕೈಗೆ ಮೇಯ್ನ್ ನೌಕೆಯ ಸುದ್ದಿ ಬಿದ್ದಿತು. ಫೆಬ್ರವರಿ ೧೭ರ ‘ಜರ್ನಲ್’ ತನ್ನ ಮೊದಲ ಪುಟದಲ್ಲಿ, ಹಡಗಿನ ನಾಶವು ಶತ್ರುವಿನ ಕೆಲಸವೆಂದು ದಪ್ಪಕ್ಷರಗಳಲ್ಲಿ ಸಾರಿತು. ಅಪರಾಧಿಯನ್ನು ತೋರಿಸಿಕೊಟ್ಟವರಿಗೆ ೫೦,೦೦೦ ಡಾಲರುಗಳ ಬಹುಮಾನವನ್ನು ಘೋಷಿಸಿತು. ಸಾಲದೆಂದು, ಹಡಗಿನ ತಳದಲ್ಲಿ ಸಿಡಿಮದ್ದಿನ ಗುಂಡು, ಅದರಿಂದ ದಡದವರೆಗೆ ಹರಿದ ತಂತಿ ಇವುಗಳ ಚಿತ್ರವನ್ನೂ ಅಚ್ಚುಮಾಡಿತು. ಮುಳುಗುಗಾರನೊಬ್ಬನೂ ಇನ್ನೂ ನೀರಿಗಿಳಿದು ಪರೀಕ್ಷಿಸಿರಲಿಲ್ಲ! ಅದೇ ದಿನದ ‘ವರ್ಲ್ಡ್’ ಪತ್ರಿಕೆ, ಸ್ಫೋಟಕ್ಕೆ ಬಾಂಬು ಕಾರಣವೋ ಟಾರ್ಪಿಡೋ ಕಾರಣವೋ ಎಂದು ಕೇಳಿ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟಿತು. ವ್ಯಾಕರಣದ ಪ್ರಕಾರ ಇದು ಪ್ರಶ್ನೆಯೇ ಸರಿ. ಆದರೆ ಹಡಗಿನೊಳಗೇ ಆಕಸ್ಮಿಕವಾಗಿ ಬೆಂಕಿ ಹತ್ತಿರಬಹುದೆಂಬ ಮೂರನೆಯ ಉತ್ತರಕ್ಕೆ ಆ ಪ್ರಶ್ನೆಯಲ್ಲಿ ಜಾಗವೇ ಇಲ್ಲ. ಪ್ರಶ್ನಾರ್ಥಕ ವಾಕ್ಯಗಳ ಪಾಠ ಬಂದಾಗ ನಮ್ಮ ಉಪಾಧ್ಯಾಯ ಮಿತ್ರರು ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಬಹುದು.

ಆ ವಾರದಲ್ಲಿ ‘ಜರ್ನಲ್’ ತನ್ನ ಮಾರಾಟವು ದಿನಕ್ಕೆ ಹತ್ತು ಲಕ್ಷ ಪ್ರತಿಗಳನ್ನು ದಾಟಿತೆಂದು ಹೇಳಿಕೊಂಡಿತು. ಮಾರ್ಚಿಯಲ್ಲಿ ಅಮೆರಿಕೆಯ ನೌಕಾ ವಿಚಾರಣಾ ಮಂಡಲಿಯು, ಹೊರಗಿನ ಸಿಡಿಮದ್ದಿನ ಸ್ಫೋಟವೇ ಕಾರಣವೆಂದೂ, ಇಟ್ಟವರು ಯಾರೆಂದು ಹೇಳಲಾಗದೆಂದೂ ತೀರ್ಪಿತ್ತಿತು. ಸ್ಪೇನಿನವರೂ ಒಂದು ವಿಚಾರಣೆ ನಡೆಸಿದ್ದರು. ನೀರೊಳಗೆ ಮದ್ದು ಸಿಡಿದಿದ್ದರೆ ನೀರಿನ ಕಂಬ ಮೇಲೆದ್ದಿರಬೇಕಿತ್ತು, ಬಂದರಿನಲ್ಲಿ ಸತ್ತ ಮೀನುಗಳು ತೇಲಬೇಕಿತ್ತು. ಎರಡನ್ನೂ ಯಾರೂ ಕಂಡಿಲ್ಲ, ಆದ್ದರಿಂದ ಸ್ಫೋಟವು ಒಳಗಿನದೇ ಎಂಬುದು ಅವರ ವಾದ. ಸತ್ತ ಮೀನುಗಳ ಈ ವಾದವು ಅಮೆರಿಕೆಯ ಓದುಗರ ಗಮನಕ್ಕೆ ಬಂದುದು ಅತ್ಯಲ್ಪ. ಗಡಿನಾಡಿನಲ್ಲಿ ಎರಡು ಭಾಷೆಗಳ ಪತ್ರಿಕೆಗಳನ್ನು ಓದುವ ನಮಗೆ, ಒಂದೇ ಘಟನೆ ಎರಡು ಮುಖ ತೊಟ್ಟು ಬರುವುದು ಹೊಸತಲ್ಲ. ಎರಡನ್ನೂ ಬಲ್ಲ ಓದುಗರು ನ್ಯೂಯಾರ್ಕಿನಲ್ಲಿ ಎಷ್ಟು ಮಂದಿ ಇದ್ದಿರಬಹುದು? ಏಪ್ರಿಲ್ ಕೊನೆಗೆ ಯುದ್ಧವು ಆರಂಭವಾಯಿತು. ಆಗಸ್ಟಿನಲ್ಲಿ ಸ್ಪೇನ್ ಸೋತಿತು, ಕ್ಯೂಬಾವನ್ನು ಬಿಟ್ಟುಕೊಟ್ಟಿತು, ಪೋರ್ಟೊರಿಕೊ, ಫಿಲಿಪ್ಪೀನ್ಸ್ ದ್ವೀಪಗಳು ಅಮೆರಿಕೆಯ ಪಾಲಾದವು.

ಯುದ್ಧದ ನಡುವೆಯೂ ಈ ಪತ್ರಿಕೆಗಳ ಕಣ್ಣು ಪರಸ್ಪರರ ಮೇಲೆಯೇ. ತನ್ನ ಸುದ್ದಿಯನ್ನು ‘ವರ್ಲ್ಡ್’ ಕದಿಯುತ್ತಿದೆಯೆಂಬ ಸಂಶಯದಿಂದ ‘ಜರ್ನಲ್’, ೧೮೯೮ರ ಜೂನಿನಲ್ಲಿ, ರೆಫ್ಲಿಪ್ ಡಬ್ಲ್ಯು. ಥೆನುಜ್ ಎಂಬ ಕರ್ನಲನೊಬ್ಬನು ಮಡಿದನೆಂದು ಅಚ್ಚುಹಾಕಿತು. ಅಂಥ ಮನುಷ್ಯನು ಹುಟ್ಟಿಯೇ ಇರಲಿಲ್ಲ. ‘ವರ್ಲ್ಡ್’ ಆ ಸುದ್ದಿಯನ್ನು ಎತ್ತಿಕೊಂಡು ಪ್ರಕಟಿಸಿತು. ಆಗ ‘ಜರ್ನಲ್’ ಗುಟ್ಟು ಬಿಟ್ಟಿತು: ಆ ಹೆಸರಿನ ಮೊದಲ ಭಾಗದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿ, ಉಳಿದುದನ್ನು ಸೇರಿಸಿದರೆ, ನಾವು ಸುದ್ದಿಯನ್ನು ಕದಿಯುತ್ತೇವೆ ಎಂದಾಗುತ್ತದೆ! ಮಕ್ಕಳು ಇದನ್ನು ಕೇಳಿ ನಗುತ್ತಾರೆ, ನಗಲಿ. ಆದರೆ ಎರಡೂ ಪತ್ರಿಕೆಗಳ ಓದುಗರು ತಮ್ಮ ಕಾಸು ಕೊಟ್ಟು, ಇಲ್ಲದ ಕರ್ನಲನ ಸಾವಿಗಾಗಿ ಮರುಗಿದ್ದರೆಂಬುದನ್ನು ಆ ಒಡೆಯರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಆ ಯುದ್ಧವನ್ನು ಹರ್ಸ್ಟನೇ ಮಾಡಿಸಿದನೆಂದು ಹಲವು ಪುಸ್ತಕಗಳು ಹೇಳುತ್ತವೆ. ಚಿತ್ರಗಳನ್ನು ನೀನು ಕೊಡು, ಯುದ್ಧವನ್ನು ನಾನು ಕೊಡುತ್ತೇನೆಂಬ ಅರ್ಥದ ತಂತಿಯನ್ನು ಆತನು ರೆಮಿಂಗ್ಟನ್ನನಿಗೆ ಕಳುಹಿಸಿದನೆಂಬ ಕಥೆ ಸುಪ್ರಸಿದ್ಧ. ಆದರೆ ಆ ಕಥೆ ಮೊದಲು ಕಾಣಿಸಿಕೊಂಡುದು ೧೯೦೧ರಲ್ಲಿ, ಜೇಮ್ಸ್ ಕ್ರೀಲ್ಮನ್ ಎಂಬ ಪತ್ರಕರ್ತನ ಪುಸ್ತಕದಲ್ಲಿ. ತಂತಿ ಎಲ್ಲಿಯೂ ಸಿಕ್ಕಿಲ್ಲ. ಹರ್ಸ್ಟನು ಅದನ್ನು ಅಲ್ಲಗಳೆದನು. ಮೇಲಾಗಿ ಕ್ಯೂಬಾದಲ್ಲಿ ಎರಡು ವರ್ಷಗಳಿಂದ ಕಾದಾಟ ನಡೆದೇ ಇದ್ದಾಗ, ಯುದ್ಧವನ್ನು ಒದಗಿಸುವೆನೆಂಬ ಮಾತಿಗೆ ಅರ್ಥವೂ ಇಲ್ಲ. ಸುಳ್ಳು ಸುದ್ದಿಯ ವಿರುದ್ಧ ನಾವು ಹೇಳುವ ಕಥೆಯೇ ಸುಳ್ಳಾಗಿರುವ ಸಂಭವವುಂಟು. ಯುದ್ಧಕ್ಕೆ ರಾಜಕೀಯ ಕಾರಣಗಳೂ ವ್ಯಾಪಾರದ ಕಾರಣಗಳೂ ಬೇರೆಯೇ ಇದ್ದವು. ಪತ್ರಿಕೆಗಳು ಮಾಡಿದ ಕೇಡು ಇನ್ನೊಂದು ಬಗೆಯದೆಂದು ನನ್ನ ಅಭಿಪ್ರಾಯ: ಕಾಯಬೇಕಾದ ಜನರನ್ನು ಕಾಯಗೊಡಲಿಲ್ಲ.

ಓದುಗರೇ ಇಂಥದನ್ನು ಬಯಸುತ್ತಾರೆಂಬ ಸಮಾಧಾನವೂ ಪೂರ್ತಿ ನಿಜವಲ್ಲ. ‘ನ್ಯೂಯಾರ್ಕ್ ಟೈಮ್ಸ್’ ಎಂಬ ಗಂಭೀರ ಪತ್ರಿಕೆಯ ಬೆಲೆ ಮೂರು ಸೆಂಟ್ ಇತ್ತು. ೧೮೯೮ರ ಅಕ್ಟೋಬರಿನಲ್ಲಿ ಅದರ ಒಡೆಯ ಆಕ್ಸ್ ಅದನ್ನು ಒಂದು ಸೆಂಟಿಗೆ ಇಳಿಸಿದನು. ಒಂದು ವರ್ಷದೊಳಗೆ ಅದರ ಪ್ರಸಾರ ಸುಮಾರು ೨೫,೦೦೦ದಿಂದ ೭೫,೦೦೦ಕ್ಕೆ ಏರಿತು. ಬಡವನಿಗೂ ನಿಜ ಸುದ್ದಿ ಬೇಕಾಗಿತ್ತು. ಅದು ಅವನ ಕೈಗೆಟುಕುವ ಬೆಲೆಯಲ್ಲಿ ಇರಲಿಲ್ಲ, ಅಷ್ಟೆ. ಪುಲಿಟ್ಜರನು ಮುಂದೆ ಆ ಹಾದಿಯಿಂದ ಹಿಂದೆಗೆದು, ಪತ್ರಕರ್ತರಿಗೆ ಶಿಕ್ಷಣ ಕೊಡಲೆಂದು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹಣವಿತ್ತನು. ಆತನು ತೀರಿಕೊಂಡ ಮರುವರ್ಷ, ೧೯೧೨ರಲ್ಲಿ, ಆ ಶಾಲೆ ತೆರೆಯಿತು.

ಅದೇ ೧೯೧೨ರಲ್ಲಿ ಮೇಯ್ನ್ ನೌಕೆಯ ಅವಶೇಷವನ್ನು ಹವಾನಾ ಬಂದರಿನಿಂದ ಎತ್ತಿ, ಆಳ ಸಮುದ್ರಕ್ಕೆ ಎಳೆದೊಯ್ದು ಮತ್ತೆ ಮುಳುಗಿಸಿದರು. ಅದಕ್ಕೆ ಮುಂಚೆ ಪರೀಕ್ಷಿಸಿದ ಇನ್ನೊಂದು ಮಂಡಲಿಯೂ ಹೊರಗಿನ ಸ್ಫೋಟವೆಂದೇ ಹೇಳಿತು, ಆದರೆ ಹಡಗಿನ ಬೇರೊಂದು ಭಾಗವನ್ನು ತೋರಿಸಿತು. ೧೯೭೬ರಲ್ಲಿ ಅಮೆರಿಕೆಯ ನೌಕಾಧಿಕಾರಿಯಾದ ಅಡ್ಮಿರಲ್ ರಿಕೋವರ್ ತಜ್ಞರಿಂದ ಹಳೆಯ ದಾಖಲೆಗಳನ್ನೂ ಭಾವಚಿತ್ರಗಳನ್ನೂ ಮತ್ತೆ ಪರೀಕ್ಷೆ ಮಾಡಿಸಿ, ಕಲ್ಲಿದ್ದಲ ಕೋಣೆಯಲ್ಲಿ ತಾನಾಗಿ ಹತ್ತಿದ ಬೆಂಕಿಯು ಪಕ್ಕದ ಮದ್ದಿನ ಕೋಣೆಗೆ ತಗುಲಿ ಹಡಗು ಸಿಡಿದಿರುವುದೇ ಹೆಚ್ಚು ಸಂಭವವೆಂದು ಪ್ರಕಟಿಸಿದನು. ಆ ಬಳಿಕವೂ ವಾದ ಪೂರ್ತಿ ನಿಂತಿಲ್ಲ. ಸಿಗ್ಸ್‌ಬೀ ಕಾಯಿರೆಂದು ಕೇಳಿಕೊಂಡ ರಾತ್ರಿಯಿಂದ ರಿಕೋವರನ ಪುಸ್ತಕದವರೆಗೆ ಎಪ್ಪತ್ತೆಂಟು ವರ್ಷಗಳು ಸಂದಿದ್ದವು. ‘ಜರ್ನಲ್’ ಪತ್ರಿಕೆಗೆ ಸಾಕಾದದ್ದು ಎರಡು ದಿನ.