ಪ್ರಸಂಗ ಬಂದಾಗಿನ ಮಾತು

ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದ ಹುಡುಗನನ್ನು ಮೈಸೂರಿನ ಮನೆಗಳಲ್ಲಿ ‘ಅಧಿಕಪ್ರಸಂಗಿ’ ಎಂದು ಗದರುತ್ತಾರೆ. ಅದೇ ಊರಿನ ಗಮಕ ವಾಚನದ ಆಹ್ವಾನಪತ್ರಿಕೆಯಲ್ಲಿ ‘ಪ್ರಸಂಗ: ಉತ್ತರನ ಪೌರುಷ’ ಎಂದು ಅಚ್ಚಾಗುತ್ತದೆ. ‘ಅಂಥ ಪ್ರಸಂಗ ಬಂದರೆ ನೋಡಿಕೊಳ್ಳೋಣ’ ಎಂದು ಕಚೇರಿಯಲ್ಲಿ ಹೇಳುತ್ತಾರೆ. ಪ್ರಾಟೆಸ್ಟಂಟ್ ದೇವಾಲಯದಲ್ಲಿ ಭಾನುವಾರ ಸತ್ಯವೇದದ ಪಾಠ ಓದಿಯಾದ ಮೇಲೆ ಅಯ್ಯನವರು ಎದ್ದು ನಿಂತು ಮಾಡುವುದೂ ಪ್ರಸಂಗವೇ. ಬೈಗುಳದಿಂದ ಬೋಧನೆಯವರೆಗೆ ಓಡಾಡುವ ಈ ಪದದ ಒಳಗೆ ಒಂದೇ ಎಳೆ ಇದೆ. ಅದನ್ನು ಹಿಡಿದು ಹೋದರೆ ಕ್ರೈಸ್ತರ ಪ್ರಸಂಗಕ್ಕೂ ಅವರ ಸಭಾವರ್ಷಕ್ಕೂ ಇರುವ ನಂಟು ಕಾಣುತ್ತದೆ.

ಮೂಲ ಸಂಸ್ಕೃತದ್ದು. ‘ಸಂಜ್’ ಎಂಬ ಧಾತುವಿಗೆ ಅಂಟು, ತಗುಲು ಎಂದರ್ಥ. ಸಂಗ, ನಿಸ್ಸಂಗ, ಆಸಕ್ತಿ, ಪ್ರಸಕ್ತ ಎಲ್ಲವೂ ಆ ಬೇರಿನ ಚಿಗುರುಗಳು. ಹಾಗೆ ನೋಡಿದರೆ ಪ್ರಸಂಗವೆಂದರೆ ಒಂದಕ್ಕೆ ತಗುಲಿಕೊಂಡು ಬಂದದ್ದು. ಅಲ್ಲಿಂದ ಸಂದರ್ಭ, ಸಮಯ, ಸಂದರ್ಭ ಬಂತೆಂದು ಎತ್ತಿದ ಮಾತು. ಶಾಸ್ತ್ರಕಾರರು ಇದಕ್ಕೆ ಇನ್ನೂ ಸೂಕ್ಷ್ಮವಾದ ಕೆಲಸ ಕೊಟ್ಟರು. ಜೈಮಿನಿಯ ಮೀಮಾಂಸಾಸೂತ್ರದ ಹನ್ನೆರಡನೆಯ ಅಧ್ಯಾಯದ ವಿಷಯವೇ ಪ್ರಸಂಗ. ಒಂದು ಕರ್ಮಕ್ಕಾಗಿ ಮಾಡಿದ್ದು ಇನ್ನೊಂದಕ್ಕೂ ಒದಗಿಬಂದರೆ ಅದು ಪ್ರಸಂಗ. ಭಾಷ್ಯಕಾರ ಶಬರ ಕೊಡುವ ಉದಾಹರಣೆ ಸೊಗಸಾದದ್ದು: ಉಪ್ಪರಿಗೆಯಲ್ಲಿ ಹಚ್ಚಿಟ್ಟ ದೀಪ ರಾಜಬೀದಿಗೂ ಬೆಳಕಾಗುತ್ತದೆ. ತರ್ಕದವರಿಗೆ ‘ಅತಿಪ್ರಸಂಗ’ ಎಂದರೆ ನಿಯಮವೊಂದು ತನಗೆ ಸಲ್ಲದ ಜಾಗಕ್ಕೂ ಹಬ್ಬಿಬಿಡುವ ದೋಷ. ನಮ್ಮ ಮನೆಮಾತಿನ ಅಧಿಕಪ್ರಸಂಗ ಅದರ ನೆಂಟನೇ ಇರಬೇಕೆಂದು ನನಗೆ ತೋರುತ್ತದೆ. ಹೊತ್ತು ಮೀರಿದ, ಎಡೆಯರಿಯದ ಮಾತಿಗೆ ತಾನೇ ಆ ಹೆಸರು?

ಅಕ್ಕಪಕ್ಕದ ಭಾಷೆಗಳಲ್ಲಿ ಪದ ಎರಡು ದಾರಿ ಹಿಡಿದಿದೆ. ಮರಾಠಿಯಲ್ಲಿ ಪ್ರಸಂಗವೆಂದರೆ ಮುಖ್ಯವಾಗಿ ಸಂದರ್ಭ, ಒದಗಿಬಂದ ಗಳಿಗೆ. ತಮಿಳು, ತೆಲುಗು, ಮಲಯಾಳಂಗಳಲ್ಲಿ ಅದು ಮುಖ್ಯವಾಗಿ ಭಾಷಣ. ನಡುವಿನ ಕನ್ನಡ ಎರಡನ್ನೂ ಬಿಡದೆ ಇಟ್ಟುಕೊಂಡಿದೆ. ಕರಾವಳಿಯಲ್ಲಂತೂ ಮೂರನೆಯ ಅರ್ಥವೂ ಗಟ್ಟಿಯಾಗಿ ನಿಂತಿದೆ. ಕುಂಬಳೆಯ ಪಾರ್ತಿಸುಬ್ಬ ರಾಮಾಯಣವನ್ನು ಕಟ್ಟಿದ್ದು ಯಕ್ಷಗಾನ ಪ್ರಸಂಗಗಳಾಗಿ; ಮುದ್ದಣ ಬರೆದ ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ಗಳೂ ಪ್ರಸಂಗಗಳೇ. ಮಹಾಕಥೆಯಿಂದ ಒಂದು ರಾತ್ರಿಗೆ ಒದಗುವಷ್ಟನ್ನು ಬಿಡಿಸಿಕೊಂಡದ್ದು ಪ್ರಸಂಗ.

ಕ್ರೈಸ್ತರು ಈ ಪದವನ್ನು ಹೊಸದಾಗಿ ಟಂಕಿಸಲಿಲ್ಲ, ಊರಲ್ಲಿ ಇದ್ದದ್ದನ್ನೇ ತೆಗೆದುಕೊಂಡರು. ಮೈಸೂರು ಸೀಮೆಗೆ ಅವರ ಬೋಧನೆ ಬಂದದ್ದು ತೀರ ಈಚೆಗೇನಲ್ಲ. ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಬುನಾದಿ ಹಾಕಿದ್ದು 1649ರಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ನಡೆಸಿದ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ವೆಸ್ಲಿಯನ್ನರು ಗುಬ್ಬಿ, ಮೈಸೂರುಗಳಲ್ಲಿ ನೆಲೆಯೂರಿದರು. ಗುಬ್ಬಿಯಲ್ಲಿದ್ದ ವಿಲಿಯಂ ಆರ್ಥರ್ ಆ ದಿನಗಳ ಕಥೆಯನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಊರಿನ ಪದವನ್ನು ಅವರು ಎತ್ತಿಕೊಂಡದ್ದು ಬೈಬಲ್ಲಿನ ಒಂದು ಹೆಸರಿನಲ್ಲೇ ಕಾಣುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಬಾಳಿನ ಏರಿಳಿತವನ್ನು ಧ್ಯಾನಿಸುವ ಒಂದು ಕಿರುಗ್ರಂಥವಿದೆ. ಅದರ ಹೀಬ್ರೂ ಹೆಸರು ಕೊಹೆಲೆತ್. ‘ಕಾಹಾಲ್’ ಅಂದರೆ ಸಭೆ, ಆ ಪದದಿಂದ ಹುಟ್ಟಿದ್ದು. ಲೂಥರನು ಜರ್ಮನ್ನಿನಲ್ಲಿ ಅದನ್ನು ‘ಬೋಧಕ’ ಎಂಬರ್ಥದ ಹೆಸರಿನಿಂದ ಕರೆದ. ಕನ್ನಡದ ಸತ್ಯವೇದದಲ್ಲಿ ಅದು ‘ಪ್ರಸಂಗಿ’. ತೆಲುಗಿನಲ್ಲೂ ತಮಿಳಿನಲ್ಲೂ ಅದೇ ಹೆಸರು. ಮಲಯಾಳಿಗಳು ‘ಸಭಾಪ್ರಸಂಗಿ’ ಎಂದು ಹೀಬ್ರೂವಿನ ಸಭೆಯನ್ನೂ ಉಳಿಸಿಕೊಂಡರು.

ಈ ಪ್ರಸಂಗಿಯ ಮೂರನೆಯ ಅಧ್ಯಾಯವೇ ಎಲ್ಲರಿಗೂ ಪರಿಚಿತವಾದದ್ದು. ಹುಟ್ಟಿಗೆ, ಸಾವಿಗೆ, ನೆಡುವುದಕ್ಕೆ, ಕೀಳುವುದಕ್ಕೆ, ಮೌನಕ್ಕೆ, ಮಾತಿಗೆ ಅವುಗಳದೇ ಹೊತ್ತುಂಟು ಎಂಬ ತಿಳಿವು ಅಲ್ಲಿದೆ. ಸಮಯವೆಂದೂ ಮಾತೆಂದೂ ಅರ್ಥವುಳ್ಳ ಹೆಸರನ್ನು ಹೊತ್ತವನು ಮಾತಿಗೂ ಒಂದು ಸಮಯವಿದೆ ಎನ್ನುತ್ತಾನೆ. ಕನ್ನಡದಲ್ಲಿ ಓದುವವರಿಗೆ ದಕ್ಕುವ ಈ ಸೊಗಸು ಹೀಬ್ರೂವಿನಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ.

ಸಭಾವರ್ಷ ನಿಂತಿರುವುದೂ ಈ ತಿಳಿವಿನ ಮೇಲೆಯೇ. ಕ್ರೈಸ್ತ ಪಂಚಾಂಗದ ವರ್ಷ ಜನವರಿಯಲ್ಲಿ ಮೊದಲಾಗುವುದಿಲ್ಲ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಿಂದ ಆರಂಭ. ಆಮೇಲೆ ಕ್ರಿಸ್ತಜನನ, ಬೂದಿ ಬುಧವಾರದಿಂದ ನಲವತ್ತು ದಿನದ ತಪಸ್ಸು ಕಾಲ, ಗರಿಗಳ ಭಾನುವಾರ, ಶುಭ ಶುಕ್ರವಾರ, ಪುನರುತ್ಥಾನ, ಅಲ್ಲಿಂದ ಐವತ್ತನೆಯ ದಿನಕ್ಕೆ ಪೆಂತೆಕೋಸ್ತು. ಮಿಕ್ಕದ್ದು ಸಾಧಾರಣ ಕಾಲ. ಈಸ್ಟರ್ ಬರುವುದು ಹುಣ್ಣಿಮೆಯ ಲೆಕ್ಕದಲ್ಲಿ. ಮಾರ್ಚ್ 21 ಅಥವಾ ಆ ಬಳಿಕದ ಹುಣ್ಣಿಮೆಯ ಮುಂದಿನ ಭಾನುವಾರ ಅದು. ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಅತ್ತಿತ್ತ ಸರಿಯುತ್ತದೆ. ಹೀಗಾಗಿ ಮೈಸೂರಿನಲ್ಲಿ ತಪಸ್ಸು ಕಾಲ ಶಿವರಾತ್ರಿ, ಯುಗಾದಿಗಳ ಆಸುಪಾಸಿಗೆ ಬೀಳುತ್ತದೆ. ನೆರೆಮನೆಯವರ ಉಪವಾಸವೂ ನಮ್ಮದೂ ಒಂದೇ ಚಂದ್ರನನ್ನು ನೋಡಿಕೊಂಡಿವೆ.

ಯಾವ ಭಾನುವಾರ ಯಾವ ಪಾಠ ಎಂಬುದೂ ಗೊತ್ತುಮಾಡಿದ್ದೇ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರ ಆಗಮನ ಕಾಲದಿಂದ, ಕಥೋಲಿಕರು ಮೂರು ವರ್ಷದ ಸುತ್ತು ಹಿಡಿದರು: ಒಂದು ವರ್ಷ ಮತ್ತಾಯನ ಸುವಾರ್ತೆ, ಮುಂದೆ ಮಾರ್ಕ, ಆಮೇಲೆ ಲೂಕ. ಯೋವಾನ್ನ ತಪಸ್ಸು ಕಾಲಕ್ಕೂ ಈಸ್ಟರಿನ ಪಾಸ್ಕ ಕಾಲಕ್ಕೂ ಹೆಚ್ಚಾಗಿ ಒದಗುತ್ತಾನೆ. ಪ್ರಾಟೆಸ್ಟಂಟರ ಕಡೆ, 1947ರ ಸೆಪ್ಟೆಂಬರ್ 27ರಂದು ಕೂಡಿಬಂದ ದಕ್ಷಿಣ ಭಾರತ ಸಭೆಯಲ್ಲೂ ಪ್ರತಿ ಭಾನುವಾರಕ್ಕೆ ಪಾಠಗಳೂ ಒಂದು ವಿಷಯವೂ ನಿಗದಿಯಾಗಿವೆ. ಬೋಧಕ ತನಗೆ ಇಷ್ಟವಾದುದನ್ನೇ ವರ್ಷವಿಡೀ ಹೇಳುವಂತಿಲ್ಲ. ಕಷ್ಟದ ಪಾಠ ಎದುರಾದರೂ ಅದರ ಮೇಲೆಯೇ ಮಾತಾಡಬೇಕು. ಬೋಧನೆಯನ್ನು ಅಧಿಕಪ್ರಸಂಗವಾಗದಂತೆ ಕಾಯುವ ಏರ್ಪಾಡು ಇದು.

ಓದು ಬಾರದವರಿಗೂ ಈ ವರ್ಷ ಕಾಣಬೇಕಾದರೆ ಮೈಸೂರಿನ ಫಿಲೋಮಿನಾ ಚರ್ಚಿನ ಬಣ್ಣದ ಗಾಜುಗಳನ್ನು ನೋಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಡಿಗಲ್ಲಿಟ್ಟ ಆ ಗುಡಿಯ ಕಿಟಕಿಗಳಲ್ಲಿ ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣಗಳಿವೆ. ಕಾಲಕಾಲಕ್ಕೆ ಬರುವ ಪ್ರಸಂಗಗಳೆಲ್ಲ ಅಲ್ಲಿ ಒಟ್ಟಿಗೇ ಬೆಳಗುತ್ತವೆ. ಆ ಚರ್ಚಿನಲ್ಲಿ ಪೂಜೆ ಬಹುಕಾಲ ಲ್ಯಾಟಿನ್ನಿನಲ್ಲೇ ನಡೆಯಿತು. ಈಗಿನ ಕನ್ನಡ ಪೂಜೆಯಲ್ಲಿ ಕಥೋಲಿಕರು ಬೋಧನೆಗೆ ‘ಪ್ರಬೋಧನೆ’ ಎನ್ನುತ್ತಾರೆ. ಎಚ್ಚರಿಸುವ ಪದ, ಒಳ್ಳೆಯದೇ. ಆದರೆ ಹೊತ್ತಿನ ಅರ್ಥ ಅದರಲ್ಲಿಲ್ಲ.

ಮತ್ತಾಯನ ಸುವಾರ್ತೆಯ ಐದರಿಂದ ಏಳರವರೆಗಿನ ಅಧ್ಯಾಯಗಳಿಗೆ ಕನ್ನಡಿಗರು ‘ಪರ್ವತ ಪ್ರಸಂಗ’ ಎಂದು ಹೆಸರಿಟ್ಟಿದ್ದಾರೆ. ಆ ಪ್ರಸಂಗದ ಒಂದು ಭಾಗ, ದಾನ, ಪ್ರಾರ್ಥನೆ, ಉಪವಾಸಗಳನ್ನು ತೋರಿಕೆಗೆ ಮಾಡಬೇಡಿ ಎನ್ನುವುದು, ಕಥೋಲಿಕರಿಗೆ ಪ್ರತಿ ಬೂದಿ ಬುಧವಾರದ ಪಾಠ. ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನವೇ ತೋರಿಕೆಯ ಭಕ್ತಿ ಬೇಡವೆಂಬ ಮಾತು ಕಿವಿಗೆ ಬೀಳುತ್ತದೆ. ಬೇರೆ ದಿನ ಕೇಳಿದರೆ ಅದು ನೀತಿವಾಕ್ಯ. ಅಂದು ಕೇಳಿದರೆ ನಾಟುತ್ತದೆ. ಅದೇ ಪರ್ವತ ಪ್ರಸಂಗದಲ್ಲಿ ದೀಪವನ್ನು ಕೊಳಗದ ಕೆಳಗಿಡದೆ ದೀಪಸ್ತಂಭದ ಮೇಲಿಡುವ ಮಾತೂ ಬರುತ್ತದೆ. ಶಬರನ ಉಪ್ಪರಿಗೆಯ ದೀಪವನ್ನು ಬಲ್ಲವರಿಗೆ ಅಲ್ಲಿ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗಲಾಗದು.

ಈಚೆಗೆ ಹೊಸ ಪ್ರಾರ್ಥನಾಕೂಟಗಳಲ್ಲಿ, ಹಳೆಯ ದೇವಾಲಯಗಳಲ್ಲೂ, ಪ್ರಸಂಗ ಹೋಗಿ ‘ಮೆಸೇಜ್’ ಬಂದಿದೆ. ‘ಇವತ್ತು ಮೆಸೇಜ್ ಯಾರದು?’ ಎಂದು ಕೇಳುತ್ತಾರೆ. ಸಂದೇಶವನ್ನು ಯಾರು ಎಲ್ಲಿಂದ ಯಾವಾಗ ಬೇಕಾದರೂ ಕಳಿಸಬಹುದು. ಮೊಬೈಲಿನಲ್ಲಿ ಸಾಲುಗಟ್ಟಿ ಬರುತ್ತಲೇ ಇರುತ್ತದೆ. ಪ್ರಸಂಗಕ್ಕೆ ದಿನ ಬೇಕು, ಓದಿದ ಪಾಠ ಬೇಕು, ಎದುರಿಗೆ ಕೂತ ಸಭೆ ಬೇಕು. ಮೈಸೂರಿನ ಅಯ್ಯನವರಲ್ಲೂ ಸಭೆಯ ಹಿರಿಯರಲ್ಲೂ ನನ್ನ ಬಿನ್ನಹ ಇಷ್ಟೇ: ಭಾನುವಾರದ ಆರಾಧನೆಯ ಕ್ರಮವನ್ನು ಅಚ್ಚು ಹಾಕಿಸುವಾಗ ‘ಪ್ರಸಂಗ’ ಎಂದೇ ಹಾಕಿಸಿ, ಅದರ ಪಕ್ಕದಲ್ಲಿ ಆ ದಿನದ ಕಾಲ ಯಾವುದು, ಪಾಠ ಯಾವುದು ಎಂದು ಬರೆಸಿ.