ಹಲ್ಲಿಗೆ ಜಾಗ ಸಾಲದ ಕಾಲ

ನಮ್ಮ ಗದಗ ಸೀಮೆಯಲ್ಲಿ ಮಕ್ಕಳ ಹಾಲುಹಲ್ಲು ಹುಳುಕಾದರೆ ‘ಬೀಳೂ ಹಲ್ಲಿಗೆ ಯಾಕ ರೊಕ್ಕಾ ಹಾಕೂದು’ ಎಂದು ಸುಮ್ಮನಾಗುವವರು ಬಹಳ. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೆದರೆ ಮುಗಿಯಿತು. ಮುಂದೆ ಹಲ್ಲಿನ ಮೇಲೆ ಹಲ್ಲು ಬಂದಾಗ ‘ಅವರಪ್ಪನ ಹಲ್ಲೂ ಹಂಗ ಅದಾವ’ ಎನ್ನುತ್ತೇವೆ. ವಂಶದ ಪಾಲು ಇಲ್ಲವೆಂದಲ್ಲ. ಆದರೆ ಈ ಇಕ್ಕಟ್ಟಿಗೆ ಮನೆತನಕ್ಕಿಂತ ಉದ್ದದ ಚರಿತ್ರೆಯಿದೆ, ಅದರಲ್ಲಿ ಅಡುಗೆಮನೆಯೂ ಬರುತ್ತದೆ.

ಅಡಿಲೇಡಿನ ದಂತವೈದ್ಯ ಪಿ. ಆರ್. ಬೆಗ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಲ್ಲುಗಳನ್ನು ಅಭ್ಯಾಸ ಮಾಡಿ 1954ರಲ್ಲಿ ಒಂದು ವಾದ ಮುಂದಿಟ್ಟರು. ಒರಟು ಆಹಾರ ಜಗಿದು ಜಗಿದು ಅವರ ಹಲ್ಲುಗಳು ಮೇಲ್ಭಾಗದಲ್ಲಷ್ಟೇ ಅಲ್ಲ, ಒಂದಕ್ಕೊಂದು ತಾಗುವ ಪಕ್ಕಗಳಲ್ಲೂ ಸವೆಯುತ್ತಿದ್ದವು. ಸವೆದಷ್ಟು ಜಾಗ ಹಿಂದಿನ ಹಲ್ಲಿಗೆ ಸಿಗುತ್ತಿತ್ತು. ಬೇರೆಯವರು ದವಡೆಯತ್ತ ನೋಡಿದರು: ಬೆಳೆಯುವ ವಯಸ್ಸಿನಲ್ಲಿ ಜಗಿಯುವ ಕೆಲಸ ಕಡಿಮೆಯಾದರೆ ದವಡೆ ಸಾಕಷ್ಟು ಬೆಳೆಯುವುದಿಲ್ಲ ಎಂದರು. ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚ್ಚಿನಿ ಮತ್ತು ಸಂಗಡಿಗರು ಚಂಡೀಗಢದ ಯುವಜನರನ್ನು ಸುತ್ತಲಿನ ಹಳ್ಳಿಯವರೊಂದಿಗೆ ಹೋಲಿಸಿ 1983ರಲ್ಲಿ ಬರೆದರು. ವಕ್ರದಂತ ಪಟ್ಟಣದಲ್ಲೇ ಹೆಚ್ಚಿತ್ತು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಖಡಕ್ ರೊಟ್ಟಿ. ಬೀಸುಕಲ್ಲಿನ ಜೋಳದ ಹಿಟ್ಟಿನಲ್ಲಿ ಒಂದಿಷ್ಟು ಕಲ್ಲಿನ ಪುಡಿಯೂ ಹೊಟ್ಟೆ ಸೇರುತ್ತಿತ್ತು. ಗಿರಣಿ ಬಂತು, ಹಿಟ್ಟು ನುಣ್ಣಗಾಯಿತು. ಶಿರಹಟ್ಟಿ, ಲಕ್ಷ್ಮೇಶ್ವರದ ಮಕ್ಕಳ ಕೈಗೂ ಚಹಾದಲ್ಲಿ ಅದ್ದಿದ ಬಿಸ್ಕೀಟು ಬಂತು. ಹಾಗಂತ ಹನ್ನೆರಡರ ಹುಡುಗನಿಗೆ ಈಗ ರೊಟ್ಟಿ ಕಡಿಸಿದರೆ ಹಲ್ಲು ಸಾಲಿಗೆ ಬರುವುದಿಲ್ಲ. (ಚೆಂದದ ಹಲ್ಲನ್ನು ದಾಳಿಂಬೆ ಬೀಜಕ್ಕೆ ಹೋಲಿಸಿದ ಕವಿಗಳು ಹಣ್ಣು ಒಡೆದು ನೋಡಿದ್ದರೋ ಇಲ್ಲವೋ! ಅಷ್ಟು ಒತ್ತೊತ್ತಾಗಿ ಕೂತದ್ದು ಬೇರೆ ಯಾವುದಿದೆ?)

ಹಲ್ಲು ಸರಿಸುವ ಯತ್ನವೂ ಹಳೆಯದು. ಫ್ರಾನ್ಸಿನ ಪಿಯರ್ ಫೋಷಾರ್ 1728ರ ತಮ್ಮ ಗ್ರಂಥದಲ್ಲಿ ಲೋಹದ ಪಟ್ಟಿಗೆ ಹಲ್ಲನ್ನು ದಾರದಿಂದ ಕಟ್ಟುವ ಉಪಾಯ ಹೇಳಿದರು. 1899ರಲ್ಲಿ ವಕ್ರದಂತವನ್ನು ವರ್ಗೀಕರಿಸಿದ ಅಮೆರಿಕದ ಎಡ್ವರ್ಡ್ ಆಂಗಲ್ ಒಂದು ಹಲ್ಲನ್ನೂ ಕೀಳಬಾರದೆಂದು ಹಟ ಹಿಡಿದರು. ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಮಾತ್ರ, ಜಾಗವಿಲ್ಲದೆ ಜೋಡಿಸಿದ ಹಲ್ಲು ನಿಲ್ಲದ್ದನ್ನು ಕಂಡು, ಕೀಳುವುದಕ್ಕೆ ಮರಳಿದರು. ನನಗೆ ಶಿಷ್ಯನ ಮಾತೇ ಒಪ್ಪಿಗೆ.

ಈ ಜಾಗದ ಲೆಕ್ಕದಲ್ಲಿ ಹಾಲುಹಲ್ಲು ದೊಡ್ಡದು. ಅದು ಬರುವ ಹಲ್ಲಿಗೆ ಹಿಡಿದಿಟ್ಟ ಸೀಟು. ಹುಳುಕಾಗಿ ಬೇಗ ಹೋದರೆ ಪಕ್ಕದ್ದು ವಾಲಿ ಜಾಗ ನುಂಗುತ್ತದೆ. ಏಳರ ಸುಮಾರಿಗೆ ತೋರಿಸಿದರೆ ಹುಳುಕು ತುಂಬಬಹುದು, ಹೋದ ಹಲ್ಲಿನ ಜಾಗವನ್ನು ಸಣ್ಣ ತಂತಿಯಿಂದ ಕಾಯಬಹುದು, ಕಿರಿದಾದ ಅಂಗುಳನ್ನು ಹಿಗ್ಗಿಸಲೂಬಹುದು. ದೊಡ್ಡವರಿಗೂ ಕ್ಲಿಪ್ ಹಾಕುತ್ತಾರೆ. ಒತ್ತಿದ ಕಡೆ ಮೂಳೆ ಕರಗಿ, ಎಳೆದ ಕಡೆ ಹೊಸದು ಕಟ್ಟುವ ಗುಣ ಎಲ್ಲ ವಯಸ್ಸಿನಲ್ಲೂ ಇರುತ್ತದೆ. ಆದರೆ ದವಡೆ ಸುಲಭಕ್ಕೆ ಹಿಗ್ಗದು, ಕೆಲವೊಮ್ಮೆ ಹಲ್ಲು ಕೀಳಲೇಬೇಕಾಗುತ್ತದೆ. ಒಸಡು ಗಟ್ಟಿ ಇರಬೇಕು. ಕ್ಲಿಪ್ ತೆಗೆದ ಮೇಲೂ ಹಲ್ಲು ಹಳೇ ಜಾಗಕ್ಕೆ ಹೊರಳದಂತೆ ರಿಟೇನರ್ ಬೇಕು.

ಮುಂಡರಗಿ ಭಾಗದಲ್ಲಿ ಇನ್ನೊಂದು ತೊಡಕು. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಕಂದಾದ ಹಲ್ಲಿನ ಹೊರಪದರಕ್ಕೆ ಕ್ಲಿಪ್ಪಿನ ಅಂಟು ಚೆನ್ನಾಗಿ ಹಿಡಿಯುವುದಿಲ್ಲ. ಬಿಚ್ಚಿದ ಕ್ಲಿಪ್ ಅಂಟಿಸಿಕೊಳ್ಳಲು ಮತ್ತೆ ಬಸ್ಸು ಹತ್ತಬೇಕು.